ಬ್ಯಾಟರಿ ಸೋಲಾರ್, ಗ್ರಿಡ್ ಸೋಲಾರ್: ಎರಡನ್ನೂ ಹಾಕಿಸಿ ನೋಡಿದ ಮೇಲೆ

ಬ್ಯಾಟರಿಗೆ ಸುರಿದ ದುಡ್ಡಲ್ಲಿ ಮೊದಲೇ ಗ್ರಿಡ್ ಸೋಲಾರ್ (ಕರೆಂಟ್ ಲೈನಿಗೇ ಜೋಡಿಸೋ ಸೋಲಾರ್) ಹಾಕಿಸಬೇಕಿತ್ತು. ತಿಪಟೂರಿನ ನಮ್ಮ ಮನೆಯಲ್ಲಿ ಎರಡನ್ನೂ ಬಳಸಿ ನೋಡಿದ್ದಾಯ್ತು. ಮೊದಲು ಹಾಕಿಸಿದ್ದು 2 ಕಿಲೋವ್ಯಾಟ್, ಜೊತೆಗೆ ನಾಲ್ಕು ಟ್ಯೂಬುಲರ್ ಬ್ಯಾಟರಿ. ಈಗಿರೋದು 3 ಕಿಲೋವ್ಯಾಟ್ ಆನ್‌ಗ್ರಿಡ್, ಅಂದರೆ ಅದೇ ಗ್ರಿಡ್ ಸೋಲಾರ್.

ಬ್ಯಾಟರಿ ಇದ್ದಾಗ ಹನ್ನೊಂದು ಗಂಟೆಗೆಲ್ಲ ಅದು ತುಂಬಿಬಿಡುತ್ತಿತ್ತು, ಆಮೇಲಿನ ಬಿಸಿಲೆಲ್ಲ ದಂಡ. ಡಿಸ್ಟಿಲ್ಡ್ ವಾಟರ್ ಹಾಕೋದು ಮರೆತರೆ ನೀರಿನ ಮಟ್ಟ ತೋರಿಸೋ ಫ್ಲೋಟ್ ಕೆಂಪಿಗೆ ಇಳಿಯುತ್ತಿತ್ತು, ಟರ್ಮಿನಲ್ ಸುತ್ತ ಹಸಿರು ಪುಡಿ ಕಟ್ಟುತ್ತಿತ್ತು. ನಾಲ್ಕನೇ ವರ್ಷಕ್ಕೆ ನಾಲ್ಕೂ ಕೈಕೊಟ್ಟವು. ಹೊಸ ಸೆಟ್‌ಗೆ 60,000 ಅಂದರು. ಅಷ್ಟು ವರ್ಷದಲ್ಲಿ ಬಿಲ್ಲಿನಲ್ಲಿ ಉಳಿದದ್ದೂ ಹೆಚ್ಚುಕಮ್ಮಿ ಅಷ್ಟೇ.

ಆನ್‌ಗ್ರಿಡ್‌ನಲ್ಲಿ ಆ ಕಾಟವಿಲ್ಲ. ಆದರೆ ಒಂದು ತೊಡಕಿದೆ, ಅದನ್ನು ನನಗೆ ಮೊದಲೇ ಯಾರೂ ಬಿಡಿಸಿ ಹೇಳಲಿಲ್ಲ. ಹಾಕಿಸಿದ ಎರಡನೇ ವಾರ ಮಟಮಟ ಮಧ್ಯಾಹ್ನ ಕರೆಂಟ್ ಹೋಯ್ತು. ಅಮ್ಮ ದೋಸೆಗೆ ರುಬ್ಬುತ್ತಿದ್ದರು, ಗ್ರೈಂಡರ್ ಅರ್ಧಕ್ಕೇ ನಿಂತಿತು. "ಇಷ್ಟು ಬಿಸಿಲು ಸುಡ್ತಾ ಇದೆ, ನಿನ್ನ ಸೋಲಾರಿಗೆ ಏನಾಯ್ತೋ?" ಅಂದರು. ಮೇಲೆ ಹೋಗಿ ನೋಡಿದೆ. ಪ್ಯಾನೆಲ್ ಮುಟ್ಟಿದರೆ ಕೈ ಚುರ್ ಅನ್ನುತ್ತೆ, ಇನ್ವರ್ಟರ್‌ನಲ್ಲಿ ಮಾತ್ರ ಕೆಂಪು ದೀಪ.

ಅದು ಕೆಟ್ಟಿರಲಿಲ್ಲ. ಲೈನಿನಲ್ಲಿ ಕರೆಂಟ್ ಇಲ್ಲದಾಗ ಆನ್‌ಗ್ರಿಡ್ ಇನ್ವರ್ಟರ್ ತಾನಾಗಿ ನಿಲ್ಲಲೇಬೇಕು. ಇಲ್ಲದಿದ್ದರೆ ನಮ್ಮ ಮನೆಯ ಕರೆಂಟ್ ತಂತಿಗೆ ಹರಿದು, ಕಂಬದ ಮೇಲಿರುವ ಲೈನ್‌ಮನ್ ಜೀವಕ್ಕೇ ಅಪಾಯ. ಕಾರಣ ತಿಳಿದ ಮೇಲೆ ಸಿಟ್ಟು ಇಳಿಯಿತು. ಲೈಟು, ಫ್ಯಾನಿಗೆ ಮಾತ್ರ ಸಣ್ಣ ಇನ್ವರ್ಟರ್, ಒಂದೇ ಬ್ಯಾಟರಿ ಬೇರೆ ಇಟ್ಟೆ. ಗ್ರೈಂಡರ್ ಈಗಲೂ ಕರೆಂಟ್ ಬರೋವರೆಗೆ ಕಾಯುತ್ತೆ.

ದುಡ್ಡಿನ ಲೆಕ್ಕ: ಒಟ್ಟು 1,90,000. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ಸಬ್ಸಿಡಿ ಬಂತು. ಗ್ರಿಡ್‌ಗೆ ಜೋಡಿಸದ ಸೋಲಾರಿಗೆ ಅದು ಸಿಗಲ್ಲ. ಬಿಸಿಲು ಚೆನ್ನಾಗಿದ್ದರೆ ದಿನಕ್ಕೆ 13 ಯೂನಿಟ್, ಜುಲೈ ಮೋಡಕ್ಕೆ ಅದರ ಅರ್ಧ. ಹಗಲು ಹೆಚ್ಚಾದದ್ದು ಗ್ರಿಡ್‌ಗೆ ಹೋಗಿ, ರಾತ್ರಿ ಬಳಸಿದ್ದರಲ್ಲಿ ವಜಾ ಆಗುತ್ತೆ. 2,300 ಬರುತ್ತಿದ್ದ ಬಿಲ್ ಈಗ 500ರ ಆಸುಪಾಸು, ಅದೂ ಬಹುಪಾಲು ನಿಗದಿತ ಶುಲ್ಕವೇ. ಹಾಕಿದ ದುಡ್ಡು ಐದು ವರ್ಷ ಚಿಲ್ಲರೆಗೆ ಕೈಸೇರುತ್ತೆ.

ಪ್ಯಾನೆಲ್ ತೊಳೆಯೋದು ಎರಡಕ್ಕೂ ಒಂದೇ ಕೆಲಸ.

ನಮ್ಮದು ತಿಂಗಳಿಗೆ 300 ಯೂನಿಟ್ ಬಳಸೋ ಮನೆ, ಅದಕ್ಕೇ ಈ ಲೆಕ್ಕ ಕೂಡಿಬಂತು. 200ರೊಳಗೆ ಬಳಸಿ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಿದ್ದರೆ ದುಡ್ಡು ಉಳಿಸಲೆಂದು ಯಾವ ಸೋಲಾರೂ ಬೇಡ. ಕಂಬವೇ ಬಾರದ ತೋಟದ ಮನೆಗಾದರೆ ಬ್ಯಾಟರಿಯೇ ಗತಿ, ಡಿಸ್ಟಿಲ್ಡ್ ವಾಟರ್ ಹಾಕೋ ತಾರೀಖನ್ನು ಮಾತ್ರ ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟುಕೊಳ್ಳಿ.