ವರ್ಸೈಲ್ಸೋ, ಫಾಂಟೆನ್‌ಬ್ಲೋವೋ?

ಪ್ಯಾರಿಸ್ಸಿನಿಂದ ಒಂದೇ ದಿನದಲ್ಲಿ ಹೋಗಿಬರಬಹುದಾದ ವರ್ಸೈಲ್ಸ್, ಫಾಂಟೆನ್‌ಬ್ಲೋ ಎಂಬ ಎರಡು ರಾಜಭವನಗಳಲ್ಲಿ ಒಂದನ್ನಷ್ಟೇ ನೋಡಲು ಸಾಧ್ಯವಿರುವವರು ಮೊದಲು ತಮಗೆ ಬೇಕಿರುವುದು ಬೆರಗೋ, ಬಿಡುವೋ ಎಂಬುದನ್ನು ನಿರ್ಧರಿಸಿಕೊಳ್ಳಬೇಕು.

1623ರಲ್ಲಿ ಫ್ರಾನ್ಸಿನ ದೊರೆ ಹದಿಮೂರನೆಯ ಲೂಯಿ ಬೇಟೆಗೆಂದು ಕಟ್ಟಿಸಿದ ಸಣ್ಣ ಮನೆಯನ್ನು ಅವನ ಮಗ ಹದಿನಾಲ್ಕನೆಯ ಲೂಯಿ, ಲ ವೋ ಮತ್ತು ಆರ್ದ್ವಾಂ ಮಾನ್ಸಾರ್ ಎಂಬ ವಾಸ್ತುಶಿಲ್ಪಿಗಳ ಮೂಲಕ ಬೆಳೆಸಿ, 1682ರಲ್ಲಿ ಆಸ್ಥಾನವನ್ನೇ ಅಲ್ಲಿಗೆ ಸಾಗಿಸಿದ್ದರಿಂದ ವರ್ಸೈಲ್ಸಿನಲ್ಲಿ ಬಹುತೇಕ ಎಲ್ಲವೂ ಒಬ್ಬ ರಾಜನ ಇಚ್ಛೆಯಂತೆ ಏಕರೂಪವಾಗಿದೆ. 73 ಮೀಟರ್ ಉದ್ದದ ಕನ್ನಡಿ ಸಭಾಂಗಣದ ಹದಿನೇಳು ಕಿಟಕಿಗಳಿಗೆ ಎದುರಾಗಿ ಹದಿನೇಳು ಕನ್ನಡಿ ಕಮಾನುಗಳಿದ್ದು, ಹೊರಗಿನ ತೋಟವೇ ಒಳಗೆ ಬಂದಂತೆ ತೋರುತ್ತದೆ. ಆಂದ್ರೆ ಲ ನೋತ್ರ್ ರೂಪಿಸಿದ ಆ ತೋಟದ ನಡುಗೆರೆ ಅರಮನೆಯಿಂದ ಹೊರಟು, ಒಂದೂವರೆ ಕಿಲೋಮೀಟರಿಗೂ ಉದ್ದದ ಮಹಾಕಾಲುವೆಯನ್ನು ಹಾದು ದಿಗಂತದವರೆಗೆ ಸಾಗುತ್ತದೆ. ಕಾರಂಜಿಗಳು ನಿಗದಿತ ದಿನಗಳಲ್ಲಿ ಮಾತ್ರ ಚಿಮ್ಮುತ್ತವೆ; ಅಂದು ತೋಟಕ್ಕೂ ಟಿಕೆಟ್ ಬೇಕು.

ಫಾಂಟೆನ್‌ಬ್ಲೋ ಹಾಗಲ್ಲ. ಮಧ್ಯಯುಗದ ಕೋಟೆಯೊಂದನ್ನು 1528ರಿಂದ ಒಂದನೆಯ ಫ್ರಾನ್ಸ್ವಾ ಮರುಕಟ್ಟಿಸಿದ. ಅನಂತರದ ದೊರೆಗಳು ತಮ್ಮ ತಮ್ಮ ಅಂಗಳಗಳನ್ನು ಸೇರಿಸಿದರು. ಇಟಲಿಯ ಚಿತ್ರಕಾರ ರೋಸ್ಸೋ ಫಿಯೊರೆಂಟಿನೋ ಅಲಂಕರಿಸಿದ ಗ್ಯಾಲರಿಯೂ ನೆಪೋಲಿಯನ್ನನ ಸಿಂಹಾಸನದ ಕೋಣೆಯೂ ಒಂದೇ ಸೂರಿನಡಿ ಇವೆ. ಇಲ್ಲಿಯೂ ಲ ನೋತ್ರನ ವಿಶಾಲ ಹೂಪಾತಿಯಿದೆಯಾದರೂ ಮನಸ್ಸಿನಲ್ಲಿ ಉಳಿಯುವುದು ಮೀನುಕೊಳವೇ.

ತೋಟಕ್ಕಾಗಿ ಹೋಗುವವರಿಗೆ ವರ್ಸೈಲ್ಸೇ ಸರಿ, ಆದರೆ ಜನಜಂಗುಳಿ ಸಹಿಸಬೇಕು. ಕಟ್ಟಡವನ್ನು ನಿಧಾನವಾಗಿ ಓದಬಯಸುವವರಿಗೆ ನಾನು ಫಾಂಟೆನ್‌ಬ್ಲೋವನ್ನೇ ಹೇಳುತ್ತೇನೆ. ಮೊದಲನೆಯ ಅರಮನೆಗೆ ಸೋಮವಾರ ರಜೆ, ಎರಡನೆಯದಕ್ಕೆ ಮಂಗಳವಾರ.