ಓವರ್‌ಡ್ರೈವ್ ಪೆಡಲ್‌ಗೆ ಯಾವ ಡಯೋಡ್? ಕಿತ್ತು ಕಿತ್ತು ಹಾಕಿ ನೋಡಿದೆ

ಓವರ್‌ಡ್ರೈವ್ ಅಂದರೆ ಗಿಟಾರ್ ಸೌಂಡನ್ನು ಒರಟಾಗಿಸುವ ಪೆಡಲ್; ಅದರಲ್ಲಿ ಅಲೆಯ ತುದಿ ಕತ್ತರಿಸುವುದು, ಅಂದರೆ ಕ್ಲಿಪ್ ಮಾಡುವುದು, ಡಯೋಡ್. ನನ್ನ ಪೆಡಲ್‌ನಲ್ಲಿ ಈಗ ಉಳಿದಿರುವುದು ಮೂರು 1ಎನ್4148, ಮಾಮೂಲಿ ಸಿಲಿಕಾನ್ ಡಯೋಡ್. ಹುಬ್ಬಳ್ಳಿ ಕೊಪ್ಪಿಕರ್ ರೋಡ್ ಕಡೆಯ ಒಂದು ಸಣ್ಣ ಅಂಗಡಿಯಲ್ಲಿ ಒಂದಕ್ಕೆ ಎರಡು ರೂಪಾಯಿ ಕೊಟ್ಟು ತಂದವು. ಜರ್ಮೇನಿಯಂ ಡಯೋಡ್ ಹಾಕಿದರೇನೇ ಹಳೆ ಕಾಲದ ಸೌಂಡ್ ಬರುತ್ತದೆ ಅಂತ ನಂಬಿ ನಾನು ಮೊದಲು ಅದಕ್ಕೇ ದುಡ್ಡು ಹಾಕಿದ್ದೆ.

ಸರ್ಕ್ಯೂಟ್ ಟ್ಯೂಬ್ ಸ್ಕ್ರೀಮರ್ ಎಂಬ ಹೆಸರಾಂತ ಓವರ್‌ಡ್ರೈವ್ ಪೆಡಲ್ ಥರದ್ದು. 9 ವೋಲ್ಟ್ ಬ್ಯಾಟರಿ, ಸಿಗ್ನಲ್ ಹೆಚ್ಚಿಸುವ 4558 ಐಸಿ, ಅದರ ಫೀಡ್‌ಬ್ಯಾಕ್‌ನಲ್ಲಿ (ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಮರಳುವ ದಾರಿಯಲ್ಲಿ) ಡಯೋಡ್. ಡಯೋಡ್ ಕೂರುವ ಜಾಗದಲ್ಲಿ ಐಸಿ ಬೇಸ್ ಕತ್ತರಿಸಿ ಹಾಕಿದ್ದೇನೆ, ಹಾಗಾಗಿ ಒಂದನ್ನು ಕಿತ್ತು ಇನ್ನೊಂದು ಚುಚ್ಚಲು ಅರ್ಧ ನಿಮಿಷ ಸಾಕು. ನೀವೂ ಹೀಗೇ ಮಾಡಿ.

ಅಂಗಡಿಯಲ್ಲಿ ಜರ್ಮೇನಿಯಂ ಕೇಳಿದಾಗ "ಹಿಂದಕ ರೇಡಿಯೋ ರಿಪೇರಿ ಮಾಡೋರು ಒಯ್ತಿದ್ರು, ಈಗ ಯಾರೂ ಕೇಳಂಗಿಲ್ರಿ" ಅಂದರು. ಆನ್‌ಲೈನ್‌ನಲ್ಲಿ 1ಎನ್34ಎ ಎಂಬ ಜರ್ಮೇನಿಯಂ ಡಯೋಡ್ ಅಂತ ಹತ್ತು ತರಿಸಿದೆ. ಡಯೋಡ್ ಕರೆಂಟ್ ಬಿಡಲು ಶುರುಮಾಡುವ ವೋಲ್ಟೇಜನ್ನು ಮಲ್ಟಿಮೀಟರ್ 0.3 ವೋಲ್ಟ್ ಹತ್ತಿರ ತೋರಿಸಿತು, ಜರ್ಮೇನಿಯಂನದ್ದೂ ಅಷ್ಟೇ, ಖುಷಿಯಾಯಿತು. ಆದರೆ ಜರ್ಮೇನಿಯಂ ಅಲ್ಲದ ಷಾಟ್ಕಿ ಡಯೋಡ್ ಕೂಡ ಹೆಚ್ಚುಕಡಿಮೆ ಅಷ್ಟೇ ತೋರಿಸುತ್ತದೆ! ಅಸಲಿ 1ಎನ್34ಎ ಆದರೆ ಗಾಜಿನೊಳಗೆ ಕೂದಲಿನಷ್ಟು ಸಣ್ಣ ತಂತಿಯ ತುದಿ ಹರಳಿಗೆ ತಾಗಿರುವುದು ಭೂತಗನ್ನಡಿಯಲ್ಲಿ ಕಾಣುತ್ತದೆ. ನನ್ನ ಹತ್ತರಲ್ಲಿ ಒಂದರಲ್ಲೂ ಇರಲಿಲ್ಲ.

ಆಮೇಲೆ ಧಾರವಾಡದ ಗೆಳೆಯನ ಮನೆಯಲ್ಲಿ ಮೂಲೆ ಸೇರಿದ್ದ ರೇಡಿಯೋಗಳಿಂದ ಎರಡು ಅಸಲಿ ಜರ್ಮೇನಿಯಂ ಸಿಕ್ಕವು. ಸೌಂಡ್ ಮೆತ್ತಗೆ, ಇಂಪಾಗಿದೆ, ನಿಜ. ಆದರೆ ಬೇಗ ಕ್ಲಿಪ್ ಆಗುವುದರಿಂದ ವಾಲ್ಯೂಮ್ ಇಳಿಯುತ್ತದೆ, ಪಿಕ್ ಮೆಲ್ಲಗೆ ಹೊಡೆದರೂ ಜೋರಾಗಿ ಹೊಡೆದರೂ ಒಂದೇ ಥರ ಕೇಳುತ್ತದೆ. ಬಿಸಿಗೆ ಲೀಕೇಜ್ (ಉಲ್ಟಾ ದಿಕ್ಕಿಗೆ ಸೋರುವ ಕರೆಂಟ್) ಬೇರೆ ಜಾಸ್ತಿ, ನಮ್ಮ ಏಪ್ರಿಲ್ ಬಿಸಿಲು ಗೊತ್ತಲ್ವಾ.

ಎಲ್ಇಡಿ ದೀಪವೂ ಡಯೋಡೇ, ಕೆಂಪಿನದು ಸುಮಾರು 1.7 ವೋಲ್ಟ್. ಹಾಕಿದ ತಕ್ಷಣ ಸೌಂಡ್ ದೊಡ್ಡದಾಯಿತು, ತೆರೆದುಕೊಂಡಂತಾಯಿತು, ಇದೇ ಬೇಕು ಅಂತ ಎರಡು ದಿನ ಅದರಲ್ಲೇ ನುಡಿಸಿದೆ. ಮೂರನೇ ದಿನ ಲೆವೆಲ್ ನಾಬ್ ಇಳಿಸಿ, 4148 ಹಾಕಿದಾಗ ಎಷ್ಟು ಕೇಳುತ್ತಿತ್ತೋ ಅಷ್ಟಕ್ಕೇ ತಂದು ಮತ್ತೆ ಕೇಳಿದರೆ, ಆ ವ್ಯತ್ಯಾಸದಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ವಾಲ್ಯೂಮ್ ಅಂತ ಗೊತ್ತಾಯಿತು. ಜೋರಾಗಿ ಕೇಳಿದ್ದೇ ಚೆಂದ ಅನ್ನಿಸುತ್ತದೆ ಕಿವಿಗೆ. ಡಯೋಡ್ ಹೋಲಿಸುವವರು ದಯವಿಟ್ಟು ಮೊದಲು ವಾಲ್ಯೂಮ್ ಸಮ ಮಾಡಿಕೊಳ್ಳಿ. ಹಾಗೆ ಕೇಳಿದರೂ ಎಲ್ಇಡಿಯಲ್ಲಿ ಕಾರ್ಡ್‌ನ ಒಂದೊಂದು ತಂತಿ ಬೇರೆಬೇರೆ ಕೇಳುತ್ತದೆ, ಬ್ಯಾಂಡ್ ಜೊತೆ ನುಡಿಸುವವರಿಗೆ ಒಳ್ಳೆಯದು. ಡ್ರೈವ್ ನಾಬ್ ಕಡಿಮೆ ಇಟ್ಟರೆ ಮಾತ್ರ ಕ್ಲಿಪ್ ಆಗುವುದೇ ಇಲ್ಲ, ಮನೆಯಲ್ಲಿ ಅದು ನನಗೆ ಒಗ್ಗಲಿಲ್ಲ.

ಕೊನೆಗೆ 4148 ಅನ್ನೇ ಒಂದು ಕಡೆಗೆ ಒಂದರ ಹಿಂದೊಂದು ಎರಡು, ಇನ್ನೊಂದು ಕಡೆಗೆ ಒಂದು ಹಾಕಿದೆ. ಬಾಸ್ ಕಂಪನಿಯ ಎಸ್‌ಡಿ-1 ಪೆಡಲ್‌ನ ಕ್ರಮವೇ ಇದು. ಅಲೆಯ ಒಂದು ಬದಿ ಸುಮಾರು 0.6 ವೋಲ್ಟ್‌ಗೆ, ಇನ್ನೊಂದು ಬದಿ 1.2ಕ್ಕೆ ಕ್ಲಿಪ್ ಆಗುತ್ತದೆ. ನನ್ನ ಸಿಂಗಲ್ ಕಾಯಿಲ್ ಗಿಟಾರ್‌ನಲ್ಲಿ ಇದು ದಪ್ಪ ಕೇಳುತ್ತದೆ, ಮೆಲ್ಲಗೆ ನುಡಿಸಿದರೆ ಕ್ಲೀನ್ ಆಗುತ್ತದೆ. ಕಪ್ಪು ಪಟ್ಟಿ ಇರುವ ತುದಿ ಕ್ಯಾಥೋಡ್ (ಮೈನಸ್ ಬದಿ), ಒಂಟಿ ಡಯೋಡ್‌ನ ಪಟ್ಟಿ ಆ ಎರಡರ ಪಟ್ಟಿಗೆ ಎದುರು ದಿಕ್ಕಿಗೆ ಇರಬೇಕು.

ಒಂದು ಕಡೆ ಎಲ್ಇಡಿ, ಇನ್ನೊಂದು ಕಡೆ 4148 ಇನ್ನೂ ಹಾಕಿ ನೋಡಿಲ್ಲ. ಈ ಭಾನುವಾರ ಅದೇ ಕೆಲಸ.