ಕೆರೆ ದಂಡೆಗೆ ತಕ್ಕ ದುರ್ಬೀನು: ನಿಕಾನ್ ಅಕ್ಯುಲಾನ್ ಎ211 8×42

ಧಾರವಾಡದ ಕೆಲಗೇರಿ ಕೆರೆಯಲ್ಲಿ ದೂರದಲ್ಲಿ ತೇಲುವ ಕರಿ ಹಕ್ಕಿಗಳೆಲ್ಲ ಬರಿಗಣ್ಣಿಗೆ ಒಂದೇ ಜಾತಿ ಅನ್ನಿಸುತ್ತವೆ. ಈ ದುರ್ಬೀನು ಹಿಡಿದು ನೋಡಿ. ಒಂದರ ಹಣೆಯ ಮೇಲೆ ಬೆಳ್ಳನೆಯ ನಾಮ ಎದ್ದು ಕಾಣುತ್ತದೆ, ಅದು ನಾಮದ ಕೋಳಿ. ಪಕ್ಕದ್ದು ಪುಟ್ಟದು, ಗುಂಡಗಿನದು, ನೋಡನೋಡುತ್ತಲೇ ಮುಳುಗಿ ಇನ್ನೆಲ್ಲೋ ಏಳುತ್ತದೆ; ಅದು ಗುಳುಮುಳುಕ. ಹೊಸಬರಿಗೆ ಹಕ್ಕಿಯ ಹುಚ್ಚು ಹಿಡಿಯುವುದೇ ಹೀಗೆ ಗುರುತು ಸಿಕ್ಕ ಆ ಕ್ಷಣದಲ್ಲಿ.

8×42ರಲ್ಲಿ 8 ಅಂದರೆ ಹಕ್ಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು, 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ಪಟ್ಟು ಹೆಚ್ಚಾದಷ್ಟೂ ಒಳ್ಳೆಯದೆಂದು 10×50 ಅಥವಾ ಜೂಮ್ ಮಾದರಿಗೆ ದುಡ್ಡು ಹಾಕುವವರು ಬಹಳ. ಹೊಸಬರಿಗೆ ಅದು ಬೇಡ. ಪಟ್ಟು ಏರಿದಂತೆ ಕೈನಡುಕವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ, ನೋಟದ ಹರವು ಕಿರಿದಾಗುತ್ತದೆ, ಹಾರುವ ಹಕ್ಕಿ ಸಿಗುವುದೇ ಇಲ್ಲ. ಅಕ್ಯುಲಾನ್ 8×42ರ ಹರವು 8 ಡಿಗ್ರಿ, ಅಂದರೆ 1000 ಮೀಟರ್ ದೂರದಲ್ಲಿ 140 ಮೀಟರ್ ಅಗಲ. ಈ ಬೆಲೆಯ ದುರ್ಬೀನುಗಳಲ್ಲಿ ಇದು ಧಾರಾಳ. ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹೋದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಹೊಲದಲ್ಲಿ ಮೇದ ಪಟ್ಟೆತಲೆ ಹೆಬ್ಬಾತುಗಳ ಹಿಂಡು ಕೆರೆಗೆ ಇಳಿಯುವಾಗ ಸಾಲಿಗೆ ಸಾಲೇ ಕಣ್ಣಳತೆಯಲ್ಲಿ ಉಳಿಯುತ್ತದೆ; ನೀರಿಗೆ ಕೂತ ಮೇಲೆ ಬಿಳಿ ತಲೆಯ ಹಿಂದಿನ ಎರಡು ಕಪ್ಪು ಪಟ್ಟೆಗಳನ್ನು ನಿಧಾನಕ್ಕೆ ನೋಡಬಹುದು. 2024ರಲ್ಲಿ ರಾಮ್ಸಾರ್ ಪಟ್ಟಿ (ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿದ ಈ ಕೆರೆ ನಮ್ಮ ಭಾಗದ ದೊಡ್ಡ ಆಸ್ತಿ.

ಡಬ್ಬಿಯಿಂದ ತೆಗೆದ ಕೂಡಲೇ ಹೊಂದಿಸಿಕೊಳ್ಳುವ ಕೆಲಸವಿದೆ. ಹೆಚ್ಚಿನವರು ಅದನ್ನು ಬಿಟ್ಟು, ಆಮೇಲೆ ‘ಮಸುಕು’ ಎಂದು ದೂರುತ್ತಾರೆ. ಮೊದಲು ಎರಡು ಕೊಳವೆಗಳನ್ನು ಮಡಚಿ ಬಿಚ್ಚಿ, ಎರಡು ವೃತ್ತ ಒಂದೇ ವೃತ್ತವಾಗುವಂತೆ ಮಾಡಿ. ದೂರದ ಅಂಗಡಿ ಬೋರ್ಡಿನ ಅಕ್ಷರ ಆರಿಸಿಕೊಂಡು, ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟ ಮಾಡಿ. ಆಮೇಲೆ ಎಡಗಣ್ಣು ಮುಚ್ಚಿ, ಚಕ್ರ ಮುಟ್ಟದೆ, ಬಲಗಡೆಯ ಡಯಾಪ್ಟರ್ ಉಂಗುರ (ಎರಡು ಕಣ್ಣಿನ ವ್ಯತ್ಯಾಸ ಸರಿದೂಗಿಸುವುದು) ಮಾತ್ರ ತಿರುಗಿಸಿ. ಅದು ನಿಂತ ಜಾಗ ನೆನಪಿಟ್ಟುಕೊಳ್ಳಿ. ಚೀಲದಲ್ಲಿ ಉಜ್ಜಿ ಸರಿದಿರುತ್ತದೆ. ಇನ್ನು ಹಕ್ಕಿ ಹುಡುಕುವ ಬಗೆ: ಹಕ್ಕಿಯ ಮೇಲಿನ ಕಣ್ಣು ಕದಲಿಸದೆ ದುರ್ಬೀನನ್ನೇ ಕಣ್ಣಿನ ತನಕ ಎತ್ತಬೇಕು. ಕೆಳಗೆ ನೋಡಿ ಎತ್ತಿದರೆ ಕೊಂಬೆ ತಪ್ಪುತ್ತದೆ.

ಕೊರತೆಗಳನ್ನೂ ಹೇಳಲೇಬೇಕು. ಕನ್ನಡಕದವರಿಗೆ ಇದು ಅಷ್ಟಾಗಿ ಒಗ್ಗದು. ಐ ರಿಲೀಫ್, ಅಂದರೆ ಪೂರ್ತಿ ನೋಟ ಕಾಣಲು ಗಾಜಿನಿಂದ ಕಣ್ಣು ಇರಬಹುದಾದ ದೂರ, 12 ಮಿಲಿಮೀಟರ್ ಮಾತ್ರ. ರಬ್ಬರ್ ಕಪ್ ಇಳಿಸಿದರೂ ಅಂಚಿನ ನೋಟ ಕತ್ತರಿಸಿ ಹೋಗುತ್ತದೆ. ಕನಿಷ್ಠ 15 ಇರುವುದನ್ನು ಕೊಳ್ಳಿ. ಹತ್ತಿರದ ಫೋಕಸ್ 5 ಮೀಟರ್, ಹಾಗಾಗಿ ಅಂಗಳದ ದಾಸವಾಳಕ್ಕೆ ಬಂದ ಸೂರಕ್ಕಿ ನೋಡಲು ಹಿಂದೆ ಸರಿಯಬೇಕು. ತೂಕ ಮುಕ್ಕಾಲು ಕಿಲೋ, ಜೊತೆಗೆ ಬರುವ ಪಟ್ಟಿ ಸಣ್ಣದು, ಕತ್ತು ನೋಯುತ್ತದೆ. ಬೆನ್ನಿಗೆ ಅಡ್ಡ ಬರುವ ಹಾರ್ನೆಸ್ ಹಾಕಿಸಿ.

ಎಲ್ಲಕ್ಕಿಂತ ದೊಡ್ಡ ಕೊರತೆ, ಇದು ವಾಟರ್‌ಪ್ರೂಫ್ ಅಲ್ಲ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಹೊರಗೆ ತೆಗೆದರೆ ಒಳಗೆ ತೇವ ಸೇರಿ ಗಾಜಿಗೆ ಬೂಷ್ಟು ಹಿಡಿಯುತ್ತದೆ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಕಾರಹುಣ್ಣಿಮೆಯಿಂದ ದಸರೆವರೆಗೂ ತಿರುಗಾಡುವವರು ಸ್ವಲ್ಪ ಹೆಚ್ಚು ಕೊಟ್ಟು ಅದೇ ಕಂಪನಿಯ ಪ್ರೊಸ್ಟಾಫ್ ಪಿ3 ತಗೊಳ್ಳುವುದು ಒಳ್ಳೆಯದು, ಹರವು 7.2 ಡಿಗ್ರಿಗೆ ಇಳಿದರೂ ನೀರಿನ ಭಯವಿಲ್ಲ. ಗದಗ ಕಡೆಯ ಎರೆಮಣ್ಣಿನ ಧೂಳು ಕೂತರೆ ಕರವಸ್ತ್ರದಿಂದ ಒರೆಸಲೇಬೇಡಿ, ಲೇಪನಕ್ಕೆ ಗೀರು ಬೀಳುತ್ತದೆ. ಮೊದಲು ಬ್ಲೋವರ್, ಆಮೇಲೆ ಮೆತ್ತನೆಯ ಬ್ರಷ್, ಕಡೆಗೆ ಮೈಕ್ರೋಫೈಬರ್ ಬಟ್ಟೆ.

ಹುಬ್ಬಳ್ಳಿಯ ಅಂಗಡಿಯಲ್ಲಿ ಕೊಳ್ಳುವುದಾದರೆ ಬಾಗಿಲಿಗೆ ಬಂದು ದೂರದ ಕರೆಂಟ್ ತಂತಿ ನೋಡಿ. ಒಂದು ತಂತಿ ಎರಡಾಗಿ ಕಂಡರೆ, ಇಲ್ಲವೇ ಒಂದೆರಡು ನಿಮಿಷದಲ್ಲೇ ಹುಬ್ಬಿನ ಹತ್ತಿರ ಎಳೆದಂತಾದರೆ, ಒಳಗೆ ಬೆಳಕನ್ನು ತಿರುಗಿಸುವ ಗಾಜಿನ ತುಂಡು, ಅಂದರೆ ಪ್ರಿಸಂ, ಸರಿದಿದೆ ಎಂದರ್ಥ. ಇನ್ನೊಂದು ಪೀಸ್ ಕೇಳಿ.